ಮೊಸರಿಲ್ಲದ ಎರಡು ತಿಂಗಳು

ಜೋಳದ ರೊಟ್ಟಿ ಬಡಿದು ಬಡಿದು ಅವರ ಬಲಗೈ ದಪ್ಪವಾಗಿತ್ತು. ಎಡಗೈಯಲ್ಲಿ ಮೊಣಕೈವರೆಗೆ ಜಾರುವ ಹಸಿರು ಬಳೆ, ಅದೇ ಅಳತೆಯದು, ಬಲಗೈಯಲ್ಲಿ ಕಚ್ಚಿ ಹಿಡಿದಂತೆ ನಿಲ್ಲುತ್ತಿತ್ತು. ಭೂಮಾಪಕನಾಗಿ ಇಂಡಿಗೆ ಬಂದ ಮೊದಲ ದಿನವೇ ಅದನ್ನು ಗಮನಿಸಿದ್ದೆ. ಬಸ್ ನಿಲ್ದಾಣದ ಹಿಂದಿನ ಖಾನಾವಳಿ ಅವರದು. ಉಣ್ಣುವವರೆಲ್ಲ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಅಕ್ಕನ ತಂದೆ ಮೋರಟಗಿಯಲ್ಲಿ ನಾಟಿ ಔಷಧ ಕೊಡುತ್ತಿದ್ದವರು. ಅವರಿಂದ ಬಂದ ಕಟ್ಟಳೆಯೊಂದು ಖಾನಾವಳಿಯಲ್ಲಿ ನಡೆಯುತ್ತಿತ್ತು. ಮಳೆ ಹಿಂದೆ ಸರಿದು ಆಶ್ವೀಜದ ಬಿಸಿಲು ಚುರುಕಾಯಿತೆಂದರೆ ಕಾರ್ತೀಕ ಮುಗಿಯುವವರೆಗೆ ಮೊಸರಿಲ್ಲ, ಕೆಂಪು ಖಾರದ ಚಟ್ನಿಯಿಲ್ಲ, ಕರಿದದ್ದಿಲ್ಲ. ಹೆಸರುಕಾಳಿನ ಪಲ್ಯ, ಹಾಗಲಕಾಯಿ, ಪಡವಲಕಾಯಿ, ಅನ್ನದ ಮೇಲೆ ತುಪ್ಪ. ಕುಡಿಯುವ ನೀರಿನ ಕೊಡಗಳು ಮಾಳಿಗೆ ಏರಿ ಬಿಸಿಲು, ಬೆಳದಿಂಗಳು ಎರಡನ್ನೂ ಕಾಣಬೇಕು.

"ಮೊಸರಿಲ್ಲದ ಊಟ ಹೆಂಗ ಇಳೀಬೇಕಬೇ ಯಕ್ಕಾ?" ಝಳಕಿಯ ಲಾರಿ ಚಾಲಕನೊಬ್ಬ ಕೇಳಿದ.

"ಮಳಿಗಾಲದಾಗ ಕೂಡಿದ ಪಿತ್ತ ಈಗ ಬಿಸಲಿಗೆ ಎದ್ದು ಕುಣ್ಯಾಕತ್ತೈತಿ. ಅದರ ಮುಂದ ನೀ ಹಲಗಿ ಬಾರಸ್ತಿ ಏನೋ? ತುಪ್ಪ ಹಾಕ್ಕೊ, ಇಳೀತೈತಿ."

ಒಂದು ವರ್ಷ ಎದುರಿಗೇ ಹೊಸ ಹೋಟೆಲು ಬಂತು. ಅಲ್ಲಿ ಬೇಕಾದಷ್ಟು ಮೊಸರು. ಅಕ್ಕನ ದಿನದ ನಲವತ್ತು ಊಟದ ಎಲೆಗಳಲ್ಲಿ ಹತ್ತೊಂಬತ್ತು ಉಳಿದವು. ನಾನು ಹೇಳಿ ನೋಡಿ ಸೋತೆ.

"ಕೇಳಿದವರಿಗಷ್ಟೇ ಒಂದ ವಾಟಗಾ ಮೊಸರ ಕೊಡ್ರಿ ಅಕ್ಕಾ. ಇಲ್ಲಾಂದ್ರ ಬಾಗಲಾ ಹಾಕಬೇಕಾಗ್ತೈತಿ."

"ಹಾಕಿದ್ರ ಹಾಕ್ತೇನ್ರಿ ಸಾಹೇಬ್ರ. ಗೊತ್ತಿದ್ದೂ ಉಣ್ಣಾವರ ಹೊಟ್ಯಾಗ ಬೆಂಕಿ ಹಾಕಾಕ ನಾ ಒಲ್ಲೆ."

ಮರುದಿನ ನಾನೇ ಎದುರಿಗೆ ಹೋದೆ. ಮಿರ್ಚಿ ಭಜಿ, ಕೆಂಪು ಚಟ್ನಿ, ಎರಡು ವಾಟಗಾ ಮೊಸರು. ಬಳಿಕ ಸಂಜೆಯವರೆಗೆ ಬಯಲಿನಲ್ಲಿ ಹೊಲ ಅಳೆದೆ. ಬೆಳಿಗ್ಗೆ ಎದ್ದಾಗ ಬಾಯಿ ತುಂಬ ಹುಣ್ಣು, ಎದೆಯಲ್ಲಿ ಉರಿ. ಮೊಸರೇ ಕಾರಣ ಎಂದು ಆಣೆ ಮಾಡಲಾರೆ. ಬಿಸಿಲೂ ಇತ್ತು, ಮಿರ್ಚಿಯೂ ಇತ್ತು. ನಾಚಿಕೆಯಿಂದ ಎರಡು ದಿನ ಖಾನಾವಳಿಯತ್ತ ಸುಳಿಯಲಿಲ್ಲ. ಮೂರನೆಯ ದಿನ ಅಕ್ಕನೇ ಡಬ್ಬಿ ಹಿಡಿದು ನನ್ನ ಕೋಣೆಗೆ ಬಂದರು. ಹೆಸರುಬೇಳೆಯ ಗಂಜಿ, ಮೇಲೆ ತುಪ್ಪ.

"ಬೈಬೇಕಂತ ದಾರಿ ತುಂಬ ತಾಲೀಮ ಮಾಡ್ಕೊಂತ ಬಂದೆ. ನಿಮ್ಮ ಮಾರಿ ನೋಡಿ ಎಲ್ಲಾ ಮರತ ಹೋತು. ಉಣ್ರಿ."

ಬಾಗಿಲು ಹಾಕುವ ಪ್ರಸಂಗ ಬರಲಿಲ್ಲ. ಬಿಟ್ಟುಹೋದವರಲ್ಲಿ ಕೆಲವರು ಮರಳಿದರು, ಕೆಲವರು ಬರಲಿಲ್ಲ. ಅಕ್ಕ ಮಾತ್ರ ಒಂದು ವರ್ಷವೂ ಬಗ್ಗಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದವರು ಹಾಗೆಯೇ ಗೋಡೆಗೆ ಒರಗಿದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಕುಳಿತಿದ್ದೆ. ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆ ನಾಲ್ಕು ಹೆಜ್ಜೆಯನ್ನು ನಾನು ಇನ್ನೂ ಅಳೆಯುತ್ತಲೇ ಇದ್ದೇನೆ.

ಮಣ್ಣು ಕೊಟ್ಟು ಮರಳುವಾಗ ಎದುರು ಹೋಟೆಲಿನವನು ನನ್ನ ಪಕ್ಕ ಬಂದ.

"ಸಾಹೇಬ್ರ, ಆ ಎರಡ ತಿಂಗಳ ನನ್ನ ಊಟಾನೂ ಅಕ್ಕನ ಕಡೇನ ಇತ್ರಿ," ಎಂದ. "ಹಿತ್ತಲ ಬಾಗಲಿಂದ ಬರ್ತಿದ್ದೆ. ಯಾರ ಮುಂದೂ ಹೇಳಬ್ಯಾಡೋ ಹುಚ್ಚಾ, ನಿನ್ನ ಗಿರಾಕಿ ಓಡಿ ಹೋಗ್ತಾರ ಅಂತಿದ್ಲು."