ಟೀವಿ ಇಲ್ಲದ ಮನೆಯ ವೀಡಿಯೊ ಗೇಮ್

ಹೊಸ ಮಿಕ್ಸಿಯ ಡಬ್ಬಿ ಬಿಚ್ಚಿದಾಗ ಬಂದ ಥರ್ಮಾಕೋಲಿನ ವಾಸನೆ ನನ್ನನ್ನು ಮಧುಗಿರಿಯ ಹಳೇ ಮನೆಗೆ ಎಳೆದೊಯ್ದಿತು.

ನಾವು ಚಿಕ್ಕವರಿದ್ದಾಗ ಒಂದು ಬೇಸಿಗೆಯಲ್ಲಿ ದುಬೈಯಿಂದ ಬಂದ ಸೋದರಮಾವ ಎರಡು ವೀಡಿಯೊ ಗೇಮ್ ತಂದಿದ್ದರು. ಒಂದು ಸೆಲ್ ಹಾಕಿ ಕೈಯಲ್ಲೇ ಆಡುವ ಪುಟ್ಟದು, ಇನ್ನೊಂದು ಥರ್ಮಾಕೋಲ್ ತುಂಬಿದ ದೊಡ್ಡ ಡಬ್ಬಿಯಲ್ಲಿದ್ದ, ಟೀವಿಗೆ ಸಿಕ್ಕಿಸುವಂಥದ್ದು.

"ಒಂದು ನಿಮ್ಗೆ, ಇನ್ನೊಂದು ಕೊರಟಗೆರೆ ಚಿಕ್ಕಮ್ಮನ ಮಕ್ಳಿಗೆ. ಯಾವ್ದು ಬೇಕೋ ತಗಳ್ರವ್ವ" ಎಂದರು.

ನಾನು ಪುಟ್ಟದಕ್ಕೆ ಕೈ ಚಾಚಿದೆ. ಅಕ್ಕ ತಡೆದಳು.

"ಅದ್ರಲ್ಲಿ ಒಬ್ರೇ ಆಡ್ಬೇಕು ಕಣೇ. ಇದ್ರಲ್ಲಿ ಇಬ್ರೂ ಆಡ್ಬೋದು."

"ನಮ್ಮನೇಲಿ ಟೀವಿ ಎಲ್ಲೈತೆ?" ಎಂದು ನಾನು ಅತ್ತೇಬಿಟ್ಟೆ.

ಅಕ್ಕ ದೊಡ್ಡ ಡಬ್ಬಿ ಎತ್ತಿಕೊಂಡು, ನನ್ನನ್ನೂ ಎಳೆದುಕೊಂಡು ಎದುರುಮನೆಗೆ ಹೋದಳು. ಅಲ್ಲಿನ ಮೇಷ್ಟ್ರು ಅಂಗಳಕ್ಕೆ ಚೆಂಡು ಬಿದ್ದರೂ ಗದರುವವರು. ಟೀವಿಗೆ ಕಸೂತಿ ಬಟ್ಟೆ ಹೊದಿಸಿ ಇಡುತ್ತಿದ್ದರು. ಅಕ್ಕನ ಮಾತು ಕೇಳಿ ಡಬ್ಬಿಯನ್ನು ಅತ್ತಿತ್ತ ತಿರುಗಿಸಿ ನೋಡಿದವರು, "ಸೊಲ್ಪ ಹೊತ್ತು ಅಷ್ಟೇಯ" ಎಂದು ಬಟ್ಟೆ ಸರಿಸಿದರು.

ನಾವು ಆಡುತ್ತಿದ್ದಂತೆ ಅವರ ಕುರ್ಚಿ ಮೆಲ್ಲಗೆ ಮುಂದಕ್ಕೆ ಸರಿಯಿತು. ಕೊನೆಗೆ "ಕೊಡಮ್ಮ ಇಲ್ಲಿ" ಎಂದು ಅಕ್ಕನ ಕೈಯಿಂದ ಆಟದ ಹಿಡಿಕೆ ಇಸಿದುಕೊಂಡರು. ನಾನು ಅವರನ್ನು ಸೋಲಿಸಿದೆ! ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಲುಂಗಿ ಬಿಗಿಮಾಡಿಕೊಂಡು, "ಇನ್ನೊಂದಾಟ ಆಡಾನ, ಕುಂತ್ಕಳವ್ವ" ಎಂದರು.

ಆ ಸ್ವಲ್ಪ ಹೊತ್ತು ನಮಗೆ ಇಡೀ ಬೇಸಿಗೆ ರಜೆಯಾಯಿತು.

ಈಗಷ್ಟೇ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೂ ಮೊದಲು ನೆನಪಾದದ್ದು ಮೇಷ್ಟ್ರ ಹೆಂಡತಿಯ ನಗುವೇ.