ಅತ್ತೆಯ ನಾಲಿಗೆ

ಅತ್ತೆಯ ನಾಲಿಗೆ ಎಂದ ಕೂಡಲೇ ಸೊಸೆಯಂದಿರೆಲ್ಲ ಕಿವಿ ನೆಟ್ಟಗೆ ಮಾಡುತ್ತೀರಿ, ಗೊತ್ತು. ನಿಮಗೆ ನಿರಾಸೆ ಕಾದಿದೆ. ನನ್ನ ಅತ್ತೆಗೆ ಬೈಯಲು ಮಾವ ಇದ್ದರು, ನನ್ನ ಸರದಿ ಬರುತ್ತಲೇ ಇರಲಿಲ್ಲ. ನಾನು ಹೇಳಹೊರಟಿರುವುದು ರುಚಿ ನೋಡುವ ನಾಲಿಗೆಯ ಬಗ್ಗೆ. ಅದಕ್ಕೆ ನಮ್ಮ ಬೀದಿಯಲ್ಲಿ ಎಷ್ಟು ಹೆಸರಿತ್ತೆಂದರೆ, ಯಾರ ಮನೆಯಲ್ಲಿ ಜಾಮ್ ಕಾಯಿಸಿದರೂ ಬಾಟಲಿಗೆ ತುಂಬುವ ಮುಂಚೆ ಒಂದು ಚಮಚ ನಮ್ಮ ಮನೆಗೆ ಬರುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಚಪ್ಪರಿಸಿ, "ತಡಿ, ಇವರಿಗೂ ಒಂಚೂರು ಕೊಡೋಣ, ಇಲ್ಲಾಂದ್ರೆ ಮುಖ ಊದಿಸ್ಕೋತಾರೆ" ಅಂತ ಉಳಿದದ್ದನ್ನು ಮಾವನಿಗೆ ಕೊಡುತ್ತಿದ್ದರು. ತೀರ್ಪು ಅದಾದ ಮೇಲೆ. ಹತ್ತು ವರ್ಷ ಅದೇ ಮನೆಯಲ್ಲಿದ್ದು, ಈ ಕ್ರಮವನ್ನು ನೂರು ಸಲ ನೋಡಿಯೂ ನನಗೆ ಏನೂ ಹೊಳೆಯಲಿಲ್ಲವಲ್ಲ, ಅದಕ್ಕೆ ಏನನ್ನಬೇಕೋ ತಿಳಿಯದು.

ಅತ್ತೆ ಇಪ್ಪತ್ತಾರು ವರ್ಷ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕೊನೆಯ ಮೇಜು ಅವರದು. ಅಂಗಿಗಳೆಲ್ಲ ಹೊಲಿದು ಅಲ್ಲಿಗೆ ಬರುತ್ತಿದ್ದವು, ಅತ್ತೆ ಪ್ರತಿ ಗುಂಡಿಯನ್ನೂ ಎಳೆದು ನೋಡಿ, ಸಡಿಲವಾದದ್ದನ್ನು ವಾಪಸು ಎಸೆಯುತ್ತಿದ್ದರು. ನಿವೃತ್ತಿಯಾದ ಮೇಲೆ ಎಳೆದು ನೋಡಲು ಗುಂಡಿಗಳಿಲ್ಲದೆ ಕೈ ಕಟ್ಟಿದಂತಾಯಿತು. ಮನೆಗೊಂದು ಓವನ್ ಬಂತು. ಅದರ ಹಿಂದೆಯೇ ಏಪ್ರಿಕಾಟ್ ಹಣ್ಣು ಬಂತು. ಅದರ ಹಂಗಾಮು ಮೂರೇ ವಾರ. ಆ ಮೂರು ವಾರ ನಮ್ಮ ಮನೆಯಲ್ಲಿ ಬೇರೆ ಯಾವ ಮಾತೂ ನಡೆಯುತ್ತಿರಲಿಲ್ಲ. ಗಟ್ಟಿ ಹಣ್ಣು ಕೇಕಿಗೆ, ಮೆತ್ತಗಾದದ್ದು ಜಾಮಿಗೆ, ಚುಕ್ಕೆ ಬಿದ್ದದ್ದು ಸೀಳಿ ಮಾಳಿಗೆಯ ಮೇಲೆ ಒಣಗಲು. ಹಣ್ಣಿನ ಗೆರೆಗುಂಟ ಚಾಕು ಆಡಿಸಿ ಎರಡೂ ಹೋಳನ್ನು ಎದುರುಬದುರು ತಿರುಗಿಸಿದರೆ ಗೊರಟೆ ತಾನಾಗಿ ಕಳಚಿಕೊಳ್ಳಬೇಕು. ಕಳಚದಿದ್ದರೆ ಹಣ್ಣು ಇನ್ನೂ ಒಂದು ದಿನ ಬುಟ್ಟಿಯಲ್ಲಿರಬೇಕು. ಈ ವಿಷಯದಲ್ಲಿ ಅತ್ತೆಯ ಬಳಿ ಅಪೀಲು ಇರಲಿಲ್ಲ.

ಅವರ ಕೇಕಿನ ಗುಟ್ಟು ಇದ್ದದ್ದು ಗೊರಟೆಯಲ್ಲಿ. ಗೊರಟೆಯನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದರೆ ಬಾದಾಮಿಯಂಥ ಒಳಬೀಜ ಸಿಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಸಿಪ್ಪೆ ಜಾರಿಸಿ, ಸಕ್ಕರೆಯ ಜೊತೆ ಪುಡಿ ಮಾಡಿ ಹಿಟ್ಟಿಗೆ ಬೆರೆಸಿದರೆ ಕೇಕಿಗೆ ಬರುವ ಘಮ ಬೇರೆ ಯಾವುದರಿಂದಲೂ ಬರುವುದಿಲ್ಲ. ಆದರೆ ಒಂದು ಅಪಾಯವಿದೆ. ಕೆಲವು ಮರದ ಬೀಜ ಸಿಹಿ, ಕೆಲವು ಮರದ್ದು ಕಹಿ. ಕಹಿಯದು ವಿಷ. ಹಿಡಿಯಷ್ಟು ಹೊಟ್ಟೆಗೆ ಹೋದರೆ ಮನುಷ್ಯ ಉಳಿಯುವುದು ಕಷ್ಟ. ನೋಡಲು ಎರಡೂ ಒಂದೇ ಥರ. ಮಾರುಕಟ್ಟೆಯ ಪೆಟ್ಟಿಗೆಯಲ್ಲಿ ಯಾವ ಹಣ್ಣು ಯಾವ ಮರದ್ದೋ ಯಾರಿಗೆ ಗೊತ್ತು. ಹಾಗಾಗಿ ಪ್ರತಿ ಬೀಜದ ತುದಿಯನ್ನೂ ಮುಂದಿನ ಹಲ್ಲಿನಿಂದ ಚೂರೇ ಚೂರು ಕಚ್ಚಿ, ಸಿಹಿಯಾದರೆ ಬಿಳಿ ಬಟ್ಟಲಿಗೆ, ಕಹಿಯಾದರೆ ಉಗಿದು ಕಸದ ಡಬ್ಬಿಗೆ ಹಾಕಬೇಕು. ಇದಕ್ಕೆ ಅತ್ತೆ 'ತುದಿ ಕಚ್ಚೋದು' ಎನ್ನುತ್ತಿದ್ದರು. ಆ ಕೆಲಸಕ್ಕೆ ನನ್ನನ್ನು ಒಮ್ಮೆಯೂ ಕೂರಿಸಲಿಲ್ಲ.

ಇನ್ನು ಮಾವ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಬೀದಿಯವರಿಗೆಲ್ಲ ಅವರು 'ಚೆಕ್ಕಿಂಗ್ ಮಾವ'. ನಿವೃತ್ತಿಯಾದ ಮೇಲೆ ತಪಾಸಣೆ ಅಡುಗೆಮನೆಗೆ ವರ್ಗವಾಯಿತೆಂದು ನಾವು ನಗುತ್ತಿದ್ದೆವು. ಒಲೆಯ ಪಕ್ಕದ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕುವುದು, ಉಪ್ಪು ಸಾಲದು ಎನ್ನುವುದು, ಹುಳಿ ಮುಂದಾಯಿತು ಎನ್ನುವುದು. ಅತ್ತೆ ಬಾಯಿಗೆ ಬಂದಂತೆ ಬೈದು, ಗೊಣಗುತ್ತಲೇ ಉಪ್ಪು ಹಾಕುತ್ತಿದ್ದರು. ಗೊರಟೆ ಒಡೆಯುವಾಗಂತೂ ಪಕ್ಕದಲ್ಲಿ ಕೂತು ಬೀಜ ಕದ್ದು ಬಾಯಿಗೆ ಹಾಕಿಕೊಳ್ಳುವುದು, ಮುಖ ಸಿಂಡರಿಸಿ ಉಗಿಯುವುದು ಇದ್ದದ್ದೇ. ಅತ್ತೆಯೋ, ಇವರ ಚಪಲಕ್ಕೆ ಬೆಂಕಿ ಬೀಳ ಎಂದು ಶಪಿಸುವುದು. ಹೆಂಗಸಿನ ಕೆಲಸದಲ್ಲಿ ಹೀಗೆ ಮೂಗು ತೂರಿಸುವ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ದಿನ ತಡೆಯಲಾಗಲಿಲ್ಲ. ಇಷ್ಟೊಂದು ಗೊತ್ತಿದ್ದರೆ ನೀವೇ ಮಾಡಿ ಬಡಿಸಿ ಮಾವ, ಅವರ ತಲೆ ಯಾಕೆ ತಿನ್ನುತ್ತೀರಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ. ಅವರು ನಕ್ಕು ಎದ್ದು ಜಗುಲಿಗೆ ಹೋದರು. ಅಂದಿನ ಅಡುಗೆಯನ್ನು ಬಾಯಿಗಿಡಲಾಗಲಿಲ್ಲ. ಅತ್ತೆಯ ಮನಸ್ಸು ಕೆಡಿಸಿದರೆಂದು ನಾನು ಮಾವನ ಮೇಲೆ ಇನ್ನೆರಡು ದಿನ ಸಿಟ್ಟಾಗಿದ್ದೆ.

ಈ ವರ್ಷದ ಚಳಿಗಾಲದ ಕೊನೆಯಲ್ಲಿ ಮಾವ ತೀರಿಕೊಂಡರು. ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದು, ಯಾರಿಗೂ ತೊಂದರೆ ಕೊಡದೆ ಹೋದರು. ಅಲ್ಲಿಂದ ಮನೆಯ ಅಡುಗೆ ಹಳಿ ತಪ್ಪಿತು. ಒಂದು ದಿನ ಉಪ್ಪಿಲ್ಲ, ಇನ್ನೊಂದು ದಿನ ಉಪ್ಪೇ ಎಲ್ಲ. ನಾನೂ ನನ್ನ ಗಂಡನೂ ತಟ್ಟೆಯ ಮೇಲೆ ಕಣ್ಣಲ್ಲೇ ಮಾತಾಡಿಕೊಂಡು ನುಂಗುತ್ತಿದ್ದೆವು. ಗಂಡನನ್ನು ಕಳೆದುಕೊಂಡವರ ಮುಂದೆ ಉಪ್ಪಿನ ಮಾತೆತ್ತಲು ಯಾರಿಗೆ ಬಾಯಿ ಬಂದೀತು? ಅವರು ಹೇಗಿದೆ ಎಂದು ಕೇಳಿದರೆ ಇಬ್ಬರೂ ಒಂದೇ ಉಸಿರಿಗೆ ಚೆನ್ನಾಗಿದೆ ಎನ್ನುತ್ತಿದ್ದೆವು. ನಾವು ಬಹಳ ಒಳ್ಳೆಯವರು ಎಂದುಕೊಂಡಿದ್ದೆವು.

ಏಪ್ರಿಕಾಟ್ ಬಂದ ವಾರ ಅತ್ತೆ ತಾವೇ ಮಾರುಕಟ್ಟೆಗೆ ಹೋಗಿ ಒಂದು ಪೆಟ್ಟಿಗೆ ತಂದರು. ಅದೂ ಎಷ್ಟೋ ತಿಂಗಳ ಮೇಲೆ ಮುಖದಲ್ಲಿ ಕಳೆಯಿಟ್ಟುಕೊಂಡು. ಮರುದಿನ ಬೆಳಿಗ್ಗೆ ಇಬ್ಬರೂ ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ ಕೂತೆವು. ನಾನು ಹಣ್ಣು ಬಿಡಿಸುತ್ತಿದ್ದೆ, ಅವರು ಗೊರಟೆ ಒಡೆದು ತುದಿ ಕಚ್ಚುತ್ತಿದ್ದರು. ಒಂದು, ಎರಡು, ಹತ್ತು, ಇಪ್ಪತ್ತು. ಎಲ್ಲವೂ ಬಿಳಿ ಬಟ್ಟಲಿಗೇ ಬೀಳುತ್ತಿದ್ದವು. ಕಸದ ಡಬ್ಬಿಗೆ ಒಂದೂ ಹೋಗಲಿಲ್ಲ.

"ಈ ಸಲ ಎಲ್ಲಾ ಸಿಹಿನೇ ಕಣೇ," ಅಂದರು ಅತ್ತೆ. ಅಂದವರೇ ನಾನು ನೋಡುತ್ತಿರುವಂತೆ ಇಡೀ ಬೀಜಗಳನ್ನೇ ಒಂದರ ಮೇಲೊಂದು ಬಾಯಿಗೆ ಹಾಕಿಕೊಂಡು ಅಗಿದರು. ನನಗೆ ಖುಷಿಯಾಯಿತು. ಪರವಾಗಿಲ್ಲ, ಬಾಯಿಗೆ ರುಚಿ ಹತ್ತುತ್ತಿದೆ, ಚೇತರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಬೀಜ ಪುಡಿಯಾಯಿತು. ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ ಕಲಸಿ, ಪುಡಿ ಬೆರೆಸಿ, ತಟ್ಟೆಗೆ ಸುರಿದು, ಮೇಲೆ ಹೋಳುಗಳನ್ನು ಬೆನ್ನು ಮೇಲೆ ಮಾಡಿ ಜೋಡಿಸಿ ಓವನ್ನಿಗೆ ಇಟ್ಟೆವು. ಕಾಲು ಗಂಟೆಯೂ ಆಗಿರಲಿಲ್ಲ. ಅತ್ತೆ ತಲೆ ಸಿಡಿಯುತ್ತಿದೆ ಎಂದರು. ನಿನ್ನೆ ಬಿಸಿಲಿಗೆ ಹೋಗಿಬಂದದ್ದಕ್ಕೆ ಎಂದೆ. ಎದ್ದು ನಿಲ್ಲಲು ಹೋಗಿ ಮೇಜು ಹಿಡಿದುಕೊಂಡರು. ಸಿಂಕಿನಲ್ಲಿ ವಾಂತಿ ಮಾಡಿಕೊಂಡರು. ತಿರುಗಿದಾಗ ಅವರ ಉಸಿರು ಮೆಟ್ಟಿಲು ಹತ್ತಿ ಓಡಿಬಂದವರ ಹಾಗಿತ್ತು. ನಾನು ಯಾರು ಎಂಬಂತೆ ನನ್ನನ್ನೇ ನೋಡಿದರು.

ಆಗ ನನ್ನ ಕಣ್ಣು ಬಿಳಿ ಬಟ್ಟಲಿನ ಮೇಲೆ ಬಿತ್ತು. ತಳದಲ್ಲಿ ಮೂರು ಬೀಜ ಉಳಿದಿದ್ದವು. ಒಂದನ್ನು ತೆಗೆದು ತುದಿ ಕಚ್ಚಿದೆ.

ಅಂಥ ಕಹಿಯನ್ನು ನಾನು ಹುಟ್ಟಿದಾಗಿನಿಂದ ಬಾಯಲ್ಲಿಟ್ಟಿಲ್ಲ. ಉಗಿದರೂ ಹೋಗದು, ನೀರು ಮುಕ್ಕಳಿಸಿದರೂ ಹೋಗದು. ಎರಡನೆಯದೂ ಅದೇ, ಮೂರನೆಯದೂ ಅದೇ. ಇದನ್ನು ಈ ಹೆಂಗಸು ಸಕ್ಕರೆಯಂತೆ ಅಗಿದು ನುಂಗಿದ್ದಾರೆ, ನನ್ನ ಎದುರಿಗೇ, ನಗುತ್ತ. ಬೇಕಂತಲೇ ತಿಂದರಾ ಎಂಬ ಯೋಚನೆಯೂ ಬಂತು. ಎದುರು ಮನೆಯ ವ್ಯಾನ್ ಡ್ರೈವರನ್ನು ಕೂಗಿದ್ದು, ಅವನು ಅತ್ತೆಯನ್ನು ಮಗುವಿನಂತೆ ಎತ್ತಿಕೊಂಡದ್ದು, ನಾನು ಬರಿಗಾಲಲ್ಲಿ ಹತ್ತಿದ್ದು ಇಷ್ಟೇ ನೆನಪು. ಅರ್ಧ ದಾರಿಯಲ್ಲಿ ಓವನ್ ನೆನಪಾಗಿ ಗಂಡನಿಗೆ ಫೋನ್ ಮಾಡಿದೆ. ಮನೆಗೆ ಹೋಗಿ ಓವನ್ ಆರಿಸಿ, ಕೇಕ್ ಮುಟ್ಟಬೇಡಿ, ಆಸ್ಪತ್ರೆಗೆ ಬನ್ನಿ ಎಂದೆ. ಅವರು ಮೊದಲು ಕೇಳಿದ್ದು ಕೇಕಿಗೇನಾಯಿತು ಎಂದು. ಅವರ ಮೇಲೆ ಕಿರುಚಿದೆ.

ಆಸ್ಪತ್ರೆಯಲ್ಲಿ ಎಷ್ಟು ಬೀಜ ತಿಂದರು ಎಂದು ಡಾಕ್ಟರಮ್ಮ ಕೇಳಿದಾಗ ಹತ್ತೋ ಹದಿನೈದೋ ಎಂದೆ. ಆಮ್ಲಜನಕ ಹಾಕಿದರು, ನರಕ್ಕೆ ಮದ್ದು ಕೊಟ್ಟರು. ಅರ್ಧ ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತಂತೆ. ಮರುದಿನ ಬೆಳಿಗ್ಗೆ ಅತ್ತೆ ದಿಂಬಿಗೊರಗಿ ಕೂತಿದ್ದರು. ಡಾಕ್ಟರಮ್ಮ ಅಷ್ಟು ಕಹಿ ಇತ್ತಲ್ಲ, ಗೊತ್ತಾಗಲಿಲ್ಲವೇ ಎಂದು ಕೇಳಿದರು. ಕಹಿ ಇರಲೇ ಇಲ್ಲ ಎಂದರು ಅತ್ತೆ. ಡಾಕ್ಟರಮ್ಮನಿಗೆ ಏನೋ ಅನುಮಾನ. ನರ್ಸಿನಿಂದ ಒಂದಿಷ್ಟು ಸಕ್ಕರೆ, ಒಂದಿಷ್ಟು ಉಪ್ಪು ತರಿಸಿ, ಅತ್ತೆಯ ಕಣ್ಣು ಮುಚ್ಚಿಸಿ ನಾಲಿಗೆಯ ಮೇಲೆ ಚಿಟಿಕೆ ಇಟ್ಟರು. ಇಟ್ಟದ್ದು ಉಪ್ಪು, ನಾನು ನೋಡುತ್ತಿದ್ದೆ. ಅತ್ತೆ ಚಪ್ಪರಿಸಿದರು. ನಮ್ಮ ಬೀದಿಯ ಜಾಮಿಗೆಲ್ಲ ಚಪ್ಪರಿಸುತ್ತಿದ್ದ ಹಾಗೆಯೇ. ಆಮೇಲೆ ಧೈರ್ಯವಾಗಿ, ಸಕ್ಕರೆ ಎಂದರು.

ನಾನು ಕುರ್ಚಿ ಎಳೆದು ಮಂಚದ ಪಕ್ಕ ಕೂತೆ.

ಡಾಕ್ಟರಮ್ಮ ಹೊರಗೆ ಹೋದ ಮೇಲೆ ಅತ್ತೆ ಗೋಡೆಯ ಕಡೆ ನೋಡುತ್ತ ಹೇಳಿದರು. "ಒಂಬತ್ತು ವರ್ಷ ಆಯ್ತು ಕಣೇ. ಆ ದೊಡ್ಡ ಜ್ವರ ಬಂದಿತ್ತಲ್ಲ, ಅದ್ರಲ್ಲೇ ಹೋಯ್ತು. ವಾಸನೆನೂ ಇಲ್ಲ, ರುಚಿನೂ ಇಲ್ಲ. ನಿಮ್ಮ ಮಾವನಿಗೆ ಒಬ್ಬರಿಗೇ ಹೇಳಿದ್ದೆ."

ನಾಲಿಗೆ ಸತ್ತವಳ ಅಡುಗೆಯನ್ನು ಯಾರು ತಿನ್ನುತ್ತಾರೆ, ಸೊಸೆ ಬಂದು ವರ್ಷವಾಗಿಲ್ಲ, ಒಲೆ ಬಿಟ್ಟುಕೊಟ್ಟು ನಾನು ಮೂಲೆ ಸೇರಬೇಕಾ ಎಂದು ಅತ್ತಿದ್ದರಂತೆ. ನನ್ನ ನಾಲಿಗೆ ಇದೆಯಲ್ಲ, ಇಬ್ಬರಿಗೂ ಸಾಕು ಎಂದರಂತೆ ಮಾವ. ಅವರು ತಪ್ಪು ಹಿಡಿಯುವುದು, ಇವರು ಬೈಯುವುದು, ಎಲ್ಲ ಮಾತಾಡಿಕೊಂಡ ಆಟ. ಜೋರಾಗಿ ಬೈದಷ್ಟೂ ಯಾರಿಗೂ ಅನುಮಾನ ಬರುವುದಿಲ್ಲ ಎಂಬುದು ಅತ್ತೆಯ ಉಪಾಯ. ಬೀಜ ಕದಿಯುವುದು ಮಾವನ ಉಪಾಯ. ಒಂಬತ್ತು ಬೇಸಿಗೆ ಆ ಮನುಷ್ಯ ಒಂದೊಂದು ಬೀಜವನ್ನೂ ಕಚ್ಚಿ, ಸಿಹಿಯದನ್ನು ಮೆಲ್ಲಗೆ ಬಟ್ಟಲಿಗೆ ಹಾಕಿ, ಕಹಿ ಉಗಿದು, ಬೈಗುಳ ತಿಂದು, ನಮ್ಮನ್ನೆಲ್ಲ ಉಳಿಸಿದ್ದರು. ನಾನು ಅವರಿಗೆ ಆಡಿದ ಮಾತು ನೆನಪಾಗಿ, ನನ್ನ ಬಾಯಿಯನ್ನು ಯಾರಾದರೂ ಹೊಲಿದುಬಿಡಬಾರದೇ ಅನ್ನಿಸಿತು.

ಈ ಸಲ ಅತ್ತೆ ಹಣ್ಣಿನವನನ್ನು ಕೇಳಿದ್ದರು, ಸಿಹಿಯದಾ ಎಂದು. ಅವನು ಜೇನು ಅಮ್ಮಾ ಜೇನು ಎಂದಿದ್ದ. ಅವನು ಹೇಳಿದ್ದು ಹಣ್ಣಿಗೆ, ಇವರು ಕೇಳಿದ್ದು ಬೀಜಕ್ಕೆ. ತುದಿ ಕಚ್ಚಿದ್ದು, ಇಡೀ ಬೀಜ ಅಗಿದದ್ದು ಎಲ್ಲ ನಾನು ಎದುರಿಗೆ ಕೂತಿದ್ದೆನೆಂದು, ನನಗೆ ತೋರಿಸಲು.

ಒಬ್ಬರೇ ಮಾಡುವ ಧೈರ್ಯ ಹೇಗೆ ಬಂತು ಅತ್ತೆ, ಮೊದಲೇ ನನಗೊಂದು ಮಾತು ಹೇಳಬಾರದಿತ್ತಾ ಎಂದು ಕೇಳಿದೆ. ಐದು ತಿಂಗಳಿಂದ ನೀವಿಬ್ಬರೂ ಚೆನ್ನಾಗಿದೆ ಎನ್ನುತ್ತಿದ್ದಿರಲ್ಲ, ಕೈ ತಾನಾಗಿ ಅಳತೆ ಕಲಿತಿದೆ ಎಂದುಕೊಂಡೆ ಎಂದರು. ನಾವು ಒಂದೇ ಒಂದು ಸಲ ಉಪ್ಪು ಜಾಸ್ತಿ ಎಂದಿದ್ದರೆ ಅವರು ಆ ಬೀಜ ಮುಟ್ಟುತ್ತಿರಲಿಲ್ಲ.

ಅತ್ತೆ ಇನ್ನೂ ಮುಗಿಸಿರಲಿಲ್ಲ. ಮಾವ ಹೋಗುವ ಹಿಂದಿನ ದಿನ ಏನಾದರೂ ಮೆತ್ತಗಿನದು ಬೇಕೆಂದು ಕೇಳಿದ್ದರಂತೆ. ಇವರು ಒಣ ಏಪ್ರಿಕಾಟ್ ನೆನೆಸಿ, ಸಕ್ಕರೆ ಹಾಕಿ ಪಾಕದಲ್ಲಿ ಬೇಯಿಸಿ ಆಸ್ಪತ್ರೆಗೆ ಒಯ್ದಿದ್ದರು. ರುಚಿ ನೋಡಿ ಹೇಳುವವರು ಮಂಚದ ಮೇಲಿದ್ದರು, ಹಾಗಾಗಿ ಯಾರನ್ನೂ ಕೇಳದೆ ಮಾಡಿದ್ದು. ಮಾವ ತಿಂದು, ಸರಿಯಾಗಿದೆ, ಏನೂ ಹೇಳುವ ಹಾಗಿಲ್ಲ ಎಂದರಂತೆ. ಒಂಬತ್ತು ವರ್ಷದಲ್ಲಿ ಮೊದಲ ಸಲ.

"ಅದೊಂದೇ ಮಾತು ಹಿಡ್ಕೊಂಡು ಬದುಕ್ತಾ ಇದ್ದೀನಿ," ಅಂದರು ಅತ್ತೆ. "ಆ ಪಾತ್ರೆ ತೊಳೆದಿದ್ದು ನೀನಲ್ವಾ. ತಳದಲ್ಲಿ ಇದ್ದಿದ್ದನ್ನ ಬಾಯಿಗೆ ಹಾಕ್ಕೊಂಡಿದ್ಯಾ? ನಿಜವಾಗ್ಲೂ ಸರಿ ಇತ್ತಾ?"

ಹಾಕಿಕೊಂಡಿದ್ದೆ. ಆಗ ಗಾಬರಿಯಲ್ಲಿ ಡಬ್ಬಿ ಅದಲುಬದಲಾಗಿದೆ ಎಂದುಕೊಂಡು ಸುಮ್ಮನಾಗಿದ್ದೆ. ಈಗಲೂ ಚೆನ್ನಾಗಿತ್ತು ಎಂದುಬಿಡಲು ಬಾಯಿ ತೆರೆದೆ. ಎದುರಿಗೆ ಅವರ ಕೈಗೆ ಚುಚ್ಚಿದ ಸೂಜಿ, ಅದರ ಮೇಲಿನ ಹತ್ತಿ ಕಾಣಿಸಿತು. ನನ್ನಿಂದ ಆಗಲಿಲ್ಲ.

"ಇಲ್ಲ ಅತ್ತೆ," ಅಂದೆ. "ಸಕ್ಕರೆ ಅಲ್ಲ, ಉಪ್ಪು ಬಿದ್ದಿತ್ತು. ಬಾಯಿಗಿಡೋ ಹಾಗಿರ್ಲಿಲ್ಲ."

ಅತ್ತೆ ನನ್ನನ್ನು ನೋಡಿದರು. ಸಿಟ್ಟು ಬರುತ್ತದೆ, ಇಲ್ಲವೇ ಅಳುತ್ತಾರೆ ಎಂದು ನಾನು ಕಾದೆ. ಎರಡೂ ಬರಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, ನನಗಲ್ಲ, ತಮಗೇ ಹೇಳಿಕೊಳ್ಳುವಂತೆ ಅಂದರು:

"ಎರಡು ಸಲ ಹಾಕಿಸ್ಕೊಂಡು ತಿಂದ್ರಲ್ಲಾ."