ಅಕ್ಕನ ಸಿಂಥೆಟಿಕ್ ಸೀರೆಯ ಮಹಿಮೆ

ಸ್ನೇಹಿತರೇ, ಇದನ್ನು ದಯವಿಟ್ಟು ಎದ್ದು ನಿಂತು ಓದಿ.

ಕೊಳ್ಳೇಗಾಲದಿಂದ ದಿನಾ ಮಾರ್ಟಳ್ಳಿಗೆ ಹೋಗಿ ಪಾಠ ಮಾಡುವ ನಮ್ಮಕ್ಕ, ಹೊರಡುವ ಮುಂಚೆ ಮಗಳಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. ನಾನು ಅವಳ ಹಿಂದೆ ನಿಂತು ಕೋತಿಯ ಹಾಗೆ ಮುಖ ಮಾಡಿದೆ. ಮಗು ಕಿಲಕಿಲ ನಕ್ಕಿತು. ಬಾಯಲ್ಲಿದ್ದ ಸರಿಯೆಲ್ಲ ಅಕ್ಕನ ಸೀರೆಯ ಮೇಲೆ! ಶಾಲೆಯಲ್ಲಿ ಇವತ್ತು ಪರೀಕ್ಷೆ, ಬಸ್ಸಿಗೆ ಉಳಿದಿದ್ದು ಹತ್ತೇ ನಿಮಿಷ.

"ಬಸ್ಸು ಓಯ್ತು ಕಣವ್ವ! ರೇಷ್ಮೆ ಊರ್ನಲ್ಲಿದ್ಕಂಡು ಪ್ಲಾಸ್ಟಿಕ್ ಸೀರೆ ಸುತ್ಕತೀಯಲ್ಲ, ಅದ್ಕೇ ಇಂಗಾಯ್ತು" ಎಂದಳು ಅವ್ವ.

ಅಕ್ಕ ಉಟ್ಟ ಸೀರೆಯಲ್ಲೇ ನಲ್ಲಿಯ ಹತ್ತಿರ ಹೋದಳು. ಕೊಳೆಯಾದ ನೆರಿಗೆಯನ್ನಷ್ಟೇ ತೊಳೆದು, ಹಿಂಡಿ, ಎರಡು ಸಲ ಕೊಡವಿದಳು. ಕಲೆಯಿಲ್ಲ, ಸುಕ್ಕಿಲ್ಲ. ನಾನು ಭಕ್ತಿಯಿಂದ ಕೈಮುಗಿದೆ.

"ಕೈ ಮುಗ್ದಿದ್ದು ಸಾಕು ಕಣ್ಲಾ. ನಗ್ಸಿದೋನು ನೀನೇ, ಮಿಕ್ಕಿದ್ದ ನೀನೇ ತಿನ್ಸು" ಎಂದು ಬಟ್ಟಲನ್ನು ನನ್ನ ಕೈಗಿಟ್ಟು ಬಸ್ಸಿಗೆ ಓಡಿದಳು.

ಬಸ್ಸು ದಾರಿಯಲ್ಲಿ ಹನೂರು ದಾಟುವ ಮೊದಲೇ ಅಕ್ಕನ ಮೆಸೇಜ್ ಬಂತು: "ಸೀರೆ ಒಣಗ್ತು."

ಈಗ ಮಧ್ಯಾಹ್ನ. ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದ ನನ್ನ ಬಿಳಿ ಕಾಟನ್ ಅಂಗಿ, ಸರಿಯ ಕಲೆ ಬಿಡದೆ, ಬಕೆಟ್ಟಿನಲ್ಲಿ ಮೂರನೇ ಸಲ ನೆನೆಯುತ್ತಿದೆ. ಮಗು ನನ್ನನ್ನು ನೋಡಿ ಇನ್ನೂ ನಗುತ್ತಿದೆ; ನಾನು ಯಾವ ಮುಖವನ್ನೂ ಮಾಡುತ್ತಿಲ್ಲ.